ಉಳಿಯೂ ಕಾಯಕವೂ

ಕೆತ್ತನೆಯು ಕಳೆಯುವ ಕಲೆ. ಬೇಡವಾದುದನ್ನು ತೆಗೆದಾಗಲೇ ಬೇಕಾದ ರೂಪವು ಹೊರಹೊಮ್ಮುತ್ತದೆ. ಮಲಪ್ರಭೆಯ ಕಣಿವೆಯೇ ಇದಕ್ಕೆ ಸಾಕ್ಷಿ. ಬಾದಾಮಿಯ ಕೆಂಪು ಮರಳುಗಲ್ಲಿನ ಬೆಟ್ಟಗಳನ್ನು ಮಳೆಗಾಳಿಗಳು ಯುಗಯುಗಗಳಿಂದ ಸೀಳಿ ಕಡೆದಿವೆ. ಅದೇ ಬಂಡೆಯ ಒಡಲನ್ನು ಚಾಲುಕ್ಯರ ಶಿಲ್ಪಿಗಳು ಕೊರೆದು ಗುಹಾಲಯಗಳನ್ನು ನಿರ್ಮಿಸಿದರು. ಮಂಗಲೇಶನು ಮಾಡಿಸಿದ ಮೂರನೆಯ ಗುಹೆಯು ಕ್ರಿ.ಶ. 578ರದು.

ಸ್ಥಾವರಕ್ಕಿಂತ ಜಂಗಮವನ್ನು ಎತ್ತಿಹಿಡಿದ ಶರಣರ ಅನುಯಾಯಿಗಳಿಗೆ ಈ ಶಿಲ್ಪಗಳಿಂದ ಆಗಬೇಕಾದುದೇನು ಎಂದು ಕೆಲವರು ಕೇಳುವುದುಂಟು. ಪ್ರಶ್ನೆ ಸಾಧುವಾದುದೇ. ಶರಣರು ಖಂಡಿಸಿದುದು ದೇವರನ್ನು ಕಲ್ಲಿನಲ್ಲಿಯೇ ಕಟ್ಟಿಹಾಕುವ ಬುದ್ಧಿಯನ್ನು. ಕಲ್ಲು ಕಡೆಯುವ ಕೈಯನ್ನು ಅವರು ಹಳಿಯಲಿಲ್ಲ. ಪ್ರಾಮಾಣಿಕ ದುಡಿಮೆಯನ್ನೆಲ್ಲ ಕಾಯಕವೆಂದು ಗೌರವಿಸಿದರು.

ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನಗಳು ಅರಸರೊಡನೆ ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಎಂಬ ಸ್ಥಪತಿಗಳನ್ನೂ ಹೆಸರಿಸಿ ಕೊಂಡಾಡುತ್ತವೆ. ಶರಣರಿಗೆ ನಾಲ್ಕು ಶತಮಾನ ಮೊದಲೇ ದುಡಿದವನ ಹೆಸರು ಅಲ್ಲಿ ಕಲ್ಲಿನಲ್ಲಿ ನಿಂತಿತು. ಪ್ರಾಚೀನ ಗೋಡೆಗಳ ಮೇಲೆ ದುಡಿಯದೆಯೇ ತಮ್ಮ ಹೆಸರನ್ನು ಗೀಚಿಹೋಗುವ ಇಂದಿನ ಯಾತ್ರಿಕರು ಇದನ್ನು ನೆನೆಯಬೇಕು.

ಪಟ್ಟದಕಲ್ಲನ್ನು ದಾಟಿದ ಮಲಪ್ರಭೆಯು ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಬಸವಣ್ಣನವರು ಎಳವೆಯಲ್ಲಿ ಸಾಧನೆಗೈದ ನೆಲವದು. ಮನದ ಅಹಂಕಾರವನ್ನು ಚಕ್ಕೆಚಕ್ಕೆಯಾಗಿ ಕಳೆಯುವ ಆ ಸಾಧನೆಯೂ ಒಂದು ಕೆತ್ತನೆಯೇ ಸರಿ. ಆದುದರಿಂದ ಶರಣಮಾರ್ಗದಲ್ಲಿ ನಡೆಯುವವರು ಶಿಲ್ಪಿಯ ಉಳಿಯನ್ನು ಗೌರವದಿಂದ ಕಾಣುವುದೂ, ಆ ಕೃತಿಗಳನ್ನು ಕಾಪಾಡುವುದೂ ಧರ್ಮಕ್ಕೆ ಹೊರತಾದ ಮಾತಲ್ಲ.