ಆಂಬುಲೆನ್ಸಿಗೆ ವೈರ್‌ಲೆಸ್ ಸೆಟ್: ಅಳವಡಿಕೆಗೆ ಇಷ್ಟು ಖರ್ಚು ಯಾಕೆ?



ಹೊಸ ಆಂಬುಲೆನ್ಸಿಗಾಗಿ ವೈದ್ಯಕೀಯ ನೆರವು ನಿಧಿಯಿಂದ ಕೇಳಿರುವ ಖರ್ಚಿನ ಪಟ್ಟಿಯಲ್ಲಿ ‘ವೈರ್‌ಲೆಸ್ ಸೆಟ್ ಅಳವಡಿಕೆ’ ಎಂಬ ಬಾಬತ್ತು ಇದೆ. ಕಳೆದ ಸಭೆಯಲ್ಲಿ ಹಲವರು ಕೇಳಿದರು: ಸೆಟ್ಟಿನ ಬೆಲೆ ಇರಲಿ, ಅದನ್ನು ಕೂರಿಸಲು ಇಷ್ಟು ಹಣವೇಕೆ? ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಆ ಸೆಟ್ಟಾದರೂ ಯಾಕೆ? ಬ್ಯಾಂಕಿನಲ್ಲಿ ಇದ್ದಷ್ಟು ಕಾಲವೂ ಬೇರೆಯವರ ವೋಚರ್ ಪ್ರಶ್ನಿಸಿದವನು ನಾನು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಕೊಡಬೇಕಾದವನೂ ನಾನೇ; ಯಾಕೆಂದು ಮುಂದೆ ತಿಳಿಯುತ್ತದೆ.

ಮೊದಲು ಮೊಬೈಲಿನ ಮಾತು. 2005ರ ಜುಲೈ 26ನ್ನು ಮುಂಬಯಿಯ ಯಾರೂ ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ. ಅಂದು ಮಧ್ಯಾಹ್ನ ನಮ್ಮ ಹಳೆಯ ಆಂಬುಲೆನ್ಸ್ ಡಯಾಲಿಸಿಸ್ ಮುಗಿಸಿದ ಒಬ್ಬ ಹಿರಿಯರನ್ನು ಮನೆಗೆ ಬಿಡಲು ಹೊರಟಿತ್ತು. ಮೊಬೈಲ್ ಸತ್ತಿತ್ತು, ಲ್ಯಾಂಡ್‌ಲೈನ್ ಸಿಗುತ್ತಿರಲಿಲ್ಲ. ಗಾಡಿ ಎಲ್ಲಿದೆ, ಒಳಗಿದ್ದವರು ಹೇಗಿದ್ದಾರೆ ಎಂಬುದು ಮರುದಿನ ಬೆಳಗಿನವರೆಗೆ ತಿಳಿಯಲಿಲ್ಲ. ಆ ಹಿರಿಯರ ಹೆಂಡತಿ ರಾತ್ರಿಯಿಡೀ ನಮ್ಮ ಕಚೇರಿಯ ಬೆಂಚಿನ ಮೇಲೆ ಕುಳಿತಿದ್ದರು. ವೈರ್‌ಲೆಸ್ ಸೆಟ್ಟಿಗೆ ಕಂಪನಿಯ ಟವರ್ ಬೇಡ. ದೂರ ಹೆಚ್ಚಿಲ್ಲದಿದ್ದರೆ ಗಾಡಿಯ ಆಂಟೆನಾದಿಂದ ನಮ್ಮ ಕಟ್ಟಡದ ತಾರಸಿಯ ಆಂಟೆನಾಕ್ಕೆ ಮಾತು ನೇರವಾಗಿ ತಲುಪುತ್ತದೆ. ಒಬ್ಬರು ಹೇಳಿದ್ದು ಆ ಚಾನೆಲ್‌ನಲ್ಲಿರುವ ಎಲ್ಲರಿಗೂ ಒಟ್ಟಿಗೇ ಕೇಳಿಸುತ್ತದೆ.

ಆಮೇಲೆ ಸೆಟ್ ಕೊಂಡೆವು. ಕೂರಿಸಲು ಎರಡು ಕೊಟೇಶನ್ ಬಂದವು. ಆಗ ಗೌರವ ಕೋಶಾಧಿಕಾರಿಯಾಗಿದ್ದ ನಾನು ಕಡಿಮೆಯದಕ್ಕೆ ಸಹಿ ಹಾಕಿದೆ, ಸಂಘದ ದುಡ್ಡು ಉಳಿಸಿದೆನೆಂದು ಸಭೆಯಲ್ಲಿ ಹೇಳಿಕೊಂಡೆ ಕೂಡ. ಕೂರಿಸಿದವನು ಬ್ಯಾಟರಿಯಿಂದ ಬೇರೆ ತಂತಿ ಎಳೆಯದೆ ಸೈರನ್ನಿನ ತಂತಿಗೇ ಸೆಟ್ಟನ್ನು ಸೇರಿಸಿದ. ಮಾತಾಡುವಾಗ ಸೈರನ್ ಹಾಕಿದರೆ ಫ್ಯೂಸ್ ಹೋಗುತ್ತಿತ್ತು. ಅದಕ್ಕೆ ಅವನು ಕಂಡುಕೊಂಡ ಪರಿಹಾರ 10 ಆಂಪಿಯರ್ ತೆಗೆದು 30 ಆಂಪಿಯರ್ ಫ್ಯೂಸ್ ಹಾಕುವುದು! ಒಂದು ಮಳೆಗಾಲದ ಸಂಜೆ ಡ್ಯಾಶ್‌ಬೋರ್ಡಿನ ಅಡಿಯಿಂದ ಹೊಗೆ ಬಂತು. ಹಿಂದೆ ರೋಗಿಗೆ ಆಮ್ಲಜನಕ ಹಚ್ಚಿತ್ತು. ಸಹಾಯಕ ಸಿಲಿಂಡರಿನ ವಾಲ್ವ್ ಮುಚ್ಚಿದ, ಚಾಲಕ ಬ್ಯಾಟರಿಯ ತಂತಿ ಕಿತ್ತ, ಇಬ್ಬರೂ ಸೇರಿ ಆ ತಾಯಿಯನ್ನು ಮಳೆಯಲ್ಲೇ ರಸ್ತೆಗೆ ಇಳಿಸಿದರು. ಅವರು ಉಳಿದರು. ಆಮ್ಲಜನಕ ತಾನಾಗಿ ಉರಿಯುವುದಿಲ್ಲ, ಆದರೆ ಅದು ತುಂಬಿದ ಕಡೆ ಬಟ್ಟೆ, ಪ್ಲಾಸ್ಟಿಕ್ ಎಲ್ಲವೂ ಹಲವು ಪಟ್ಟು ಬೇಗ ಉರಿಯುತ್ತವೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಬಳಿಕ ನಾನು ಈ ವಿಷಯವನ್ನು ಸಾಲದ ಅರ್ಜಿ ಓದುವ ಹಾಗೆ ಕೂತು ಕಲಿತೆ. ಕಾಮರ್ಸ್ ಓದಿದವನಿಗೆ ಅರ್ಥವಾದಷ್ಟು ಹೇಳುತ್ತೇನೆ.

ಫ್ಯೂಸ್ ಇರುವುದು ಮುಖ್ಯವಾಗಿ ತಂತಿಯನ್ನು ಕಾಯಲು. 25 ವ್ಯಾಟ್ ಸೆಟ್ ಮಾತು ಕಳಿಸುವಾಗ ಸುಮಾರು 6 ಆಂಪಿಯರ್ ಎಳೆಯುತ್ತದೆ. ಆದರೆ ತಂತಿಯ ಸಿಪ್ಪೆ ಸವೆದು ತಾಮ್ರ ಗಾಡಿಯ ತಗಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯಬಲ್ಲದು; ತಂತಿ ಕೆಂಡವಾಗುತ್ತದೆ. ಆದ್ದರಿಂದ ಫ್ಯೂಸ್ ಬ್ಯಾಟರಿಯ ಹತ್ತಿರವೇ, ಒಂದು ಗೇಣಿನೊಳಗೆ ಇರಬೇಕು. ಸೆಟ್ಟಿನ ಬಳಿ ಇಟ್ಟರೆ ನಡುವಿನ ತಂತಿಗೆ ಕಾವಲೇ ಇಲ್ಲ. ನಮ್ಮಲ್ಲಿ ತಂತಿ ಸವೆದದ್ದು ಎಂಜಿನ್ನಿಗೂ ಚಾಲಕನಿಗೂ ನಡುವಿನ ತಗಡಿನ ತೂತಿನಲ್ಲಿ. ಅಲ್ಲಿ ಹಾಕಬೇಕಾದ ರಬ್ಬರ್ ಗ್ರಾಮೆಟ್ ಕೆಲವೇ ರೂಪಾಯಿಯದು. ನಮ್ಮ ರಸ್ತೆಗಳ ಗುಂಡಿಗಳಲ್ಲಿ ಕುಲುಕಿ ಕುಲುಕಿ ತಗಡಿನ ಅಂಚು ಗರಗಸದ ಕೆಲಸ ಮಾಡಿತ್ತು.

ಈ ಸಲ ಸೆಟ್ಟಿಗೆಂದೇ 4 ಚದರ ಮಿಲಿಮೀಟರ್ ತಾಮ್ರದ ತಂತಿ ಬ್ಯಾಟರಿಯಿಂದ ನೇರ ಬರುತ್ತದೆ, ಮೇಲೆ ಕೊಳವೆ ಹೊದಿಸಿ. ಕೆಲವು ಹೊಸ ಗಾಡಿಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯಲ್ಲಿ ಕರೆಂಟ್ ಅಳೆಯುವ ಸೆನ್ಸರ್ ಇರುತ್ತದೆ. ಅಂಥವುಗಳಲ್ಲಿ ಸೆಟ್ಟಿನ ನೆಗೆಟಿವ್ ತಂತಿಯನ್ನು ಬ್ಯಾಟರಿಗೆ ಬಿಗಿಯದೆ ಗಾಡಿಯ ಬಾಡಿಗೆ ಬಿಗಿಯಬೇಕು, ಇಲ್ಲವಾದರೆ ಸೆನ್ಸರಿನ ಲೆಕ್ಕ ತಪ್ಪುತ್ತದೆ. ಗಾಡಿಯ ಪುಸ್ತಕ ಓದುವ ಫಿಟ್ಟರ್ ಬೇಕು ಎನ್ನುವುದು ಇದಕ್ಕೇ.

ಕೆಲಸ ಶುರು ಮಾಡುವ ಮೊದಲು ಆಮ್ಲಜನಕದ ಸಿಲಿಂಡರುಗಳನ್ನು ಗಾಡಿಯಿಂದ ಇಳಿಸಬೇಕು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಪಾಸಿಟಿವ್ ಮೊದಲು ಬಿಚ್ಚಹೋದರೆ ಪಾನೆ ಬಾಡಿಗೆ ತಾಗಿ ಕಿಡಿ ಹಾರುತ್ತದೆ. ಏರ್‌ಬ್ಯಾಗ್ ಉಬ್ಬುವ ಜಾಗದಲ್ಲಿ ಸೆಟ್ಟನ್ನಾಗಲಿ ಮೈಕನ್ನಾಗಲಿ ಕೂರಿಸಬಾರದು. ಉಬ್ಬಿದಾಗ ಅದು ಮುಖಕ್ಕೇ ಎರಗುತ್ತದೆ. ಮೈಕಿನ ಕೊಕ್ಕೆ ಸಹಾಯಕನ ಬದಿಯಲ್ಲಿರುತ್ತದೆ. ಓಡುತ್ತಿರುವ ಗಾಡಿಯಲ್ಲಿ ಚಾಲಕ ಮಾತಾಡಬಾರದೆಂದು ನಾವೇ ಮಾಡಿಕೊಂಡ ನಿಯಮ.

ಆಂಟೆನಾ ಎಲ್ಲಾದರೂ ಸಿಕ್ಕಿಸುವ ಕಡ್ಡಿಯಲ್ಲ. ತಗಡಿನ ಮಾಡೇ ಅದಕ್ಕೆ ಅರ್ಧ ಬಲ, ಆದ್ದರಿಂದ ಜಾಗ ಮಾಡಿನ ನಡುವೆ. 150 ಮೆಗಾಹರ್ಟ್ಸ್ ಸುಮಾರಿನ ಸೆಟ್ಟಿಗೆ ಅರ್ಧ ಮೀಟರಿಗೆ ತುಸು ಕಡಿಮೆ ಉದ್ದ ಸಾಕು; ಅಳತೆಯ ಮೀಟರ್ ಇಟ್ಟು ಸ್ವಲ್ಪ ಸ್ವಲ್ಪವೇ ಕತ್ತರಿಸಿ ಹೊಂದಿಸುತ್ತಾರೆ. ಆಂಟೆನಾ ಜೋಡಿಸದೆ ಬಟನ್ ಒತ್ತಿದರೆ ಸೆಟ್ಟೇ ಸುಡಬಹುದು. ಮಾಡಿಗೆ ತೂತು ಕೊರೆಯುವ ಮುನ್ನ ಒಳಗಿನ ಹೊದಿಕೆ ಇಳಿಸಿ, ಹಿಂದೆ ಯಾವ ತಂತಿ ಇದೆಯೆಂದು ನೋಡಬೇಕು. ಆಮೇಲೆ ಮಳೆನೀರು ಇಳಿಯದಂತೆ ಸೀಲ್ ಮಾಡಬೇಕು. ಮುಂಬಯಿಯ ಮಳೆಗೆ ಸೂಜಿಮೊನೆಯಷ್ಟು ದಾರಿ ಸಾಕು, ಇದನ್ನು ನಿಮಗೆ ಹೇಳಬೇಕಾಗಿಲ್ಲ.

ಕೊನೆಗೆ ಪರೀಕ್ಷೆ. ರೋಗಿ ಇಲ್ಲದಾಗ ಮಾನಿಟರ್, ಸಕ್ಷನ್ ಪಂಪ್, ಸಿರಿಂಜ್ ಪಂಪ್ ಒಂದೊಂದನ್ನೇ ಚಾಲೂ ಮಾಡಿ ಮೈಕಿನ ಬಟನ್ ಒತ್ತಿ ನೋಡಬೇಕು. ರೇಡಿಯೊ ಅಲೆಗೆ ಕೆಲವು ಉಪಕರಣಗಳ ಅಂಕೆಗಳು ಏರುಪೇರಾಗುತ್ತವೆ. ಎಂಜಿನ್ ಓಡಿಸಿ ಎಚ್ಚರಿಕೆಯ ದೀಪಗಳನ್ನೂ ನೋಡಬೇಕು. ಇದಕ್ಕೆ ಅರ್ಧ ದಿನ ಹಿಡಿಯುತ್ತದೆ. ಕಡಿಮೆ ಕೊಟೇಶನ್ನಿನಲ್ಲಿ ಈ ಅರ್ಧ ದಿನ ಇರಲೇ ಇಲ್ಲ.

ಲೈಸೆನ್ಸ್ ಬೇರೆ ವಿಷಯ. ಇಂಥ ಸೆಟ್ ಬಳಸಲು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದಿಂದ ಫ್ರೀಕ್ವೆನ್ಸಿ ಮತ್ತು ಪರವಾನಗಿ ಬೇಕು. ‘ನಮ್ಮಲ್ಲೇ ಒಬ್ಬರು ಹ್ಯಾಮ್ ಇದ್ದಾರಲ್ಲ’ ಎಂದು ಕೆಲವರು ಸೂಚಿಸಿದರು. ಹ್ಯಾಮ್ ಪರವಾನಗಿ ವೈಯಕ್ತಿಕ ಹವ್ಯಾಸಕ್ಕೆ, ಸಂಘದ ದಿನನಿತ್ಯದ ಕೆಲಸಕ್ಕಲ್ಲ. ಪ್ರವಾಹ, ಭೂಕಂಪದ ಹೊತ್ತಿನಲ್ಲಿ ಅವರು ಮಾಡುವ ಸೇವೆಗೆ ನಮಸ್ಕಾರ, ಆದರೆ ಅವರ ಕರೆಸಂಕೇತದಲ್ಲಿ ನಮ್ಮ ಡಯಾಲಿಸಿಸ್ ಗಾಡಿ ಓಡಿಸಲಾಗದು.

ಈ ಸಲ ಬಂದ ಮೂರು ಕೊಟೇಶನ್‌ಗಳಲ್ಲಿ ನಾನು ಶಿಫಾರಸು ಮಾಡಿರುವುದು ನಡುವಿನದನ್ನು. ಫ್ಯೂಸಿನ ಜಾಗ, ತಂತಿಯ ದಪ್ಪ, ಉಪಕರಣಗಳ ಪರೀಕ್ಷೆ ಮೂರನ್ನೂ ಬರವಣಿಗೆಯಲ್ಲಿ ಕೊಟ್ಟವರು ಅವರೊಬ್ಬರೇ. ಮೂರೂ ಕೊಟೇಶನ್‌ಗಳು ಸಂಘದ ಕಚೇರಿಯಲ್ಲಿವೆ, ಯಾರೂ ಬಂದು ನೋಡಬಹುದು. ದೇಣಿಗೆಯ ಚೆಕ್ಕನ್ನು ಸಂಘದ ಹೆಸರಿಗೆ ಬರೆದು, ಹಿಂಬದಿಯಲ್ಲಿ ‘ಆಂಬುಲೆನ್ಸ್ ವೈರ್‌ಲೆಸ್’ ಎಂದು ನಮೂದಿಸಿ. ಹಳೆಯ ಗಾಡಿಯ ಸುಟ್ಟ ತಂತಿಯ ತುಂಡು ನನ್ನ ಮೇಜಿನ ಡ್ರಾಯರಿನಲ್ಲಿದೆ. ಬಂದಾಗ ಅದನ್ನೂ ತೋರಿಸುತ್ತೇನೆ.