ಎಳನೀರಿಗೆ ಬಗ್ಗದ ಉರಿ

ಮದುವೆಯ ಮನೆಯಿಂದ ರಾತ್ರಿಯ ಬಸ್ಸಿನಲ್ಲಿ ಹಿಂದಿರುಗಿದ ಗೃಹಿಣಿಗೆ ಮರುದಿನ ಮೂತ್ರವಿಸರ್ಜನೆಯ ವೇಳೆ ಉರಿ, ಗಳಿಗೆಗೊಮ್ಮೆ ಅವಸರ, ಹೋದರೆ ನಾಲ್ಕೇ ಹನಿ. “ಉಷ್ಣವಾಗಿದೆಯಮ್ಮ, ಎಳನೀರು ಕುಡಿ” ಎನ್ನುತ್ತಾರೆ ಅತ್ತೆ. ಆಕೆ ಕುಡಿಯುತ್ತಾಳೆ. ಗಂಡನೊಡನೆ ಹೇಳಲೂ ನಾಚಿಕೆ. ವೈದ್ಯರಲ್ಲಿ ಹೇಳುವುದಂತೂ ದೂರದ ಮಾತು. ಕೆಲವು ದಿನಗಳ ಮೇಲೆ ಚಳಿಜ್ವರ, ವಾಂತಿ, ಬೆನ್ನಿನ ಒಂದು ಪಾರ್ಶ್ವದಲ್ಲಿ ನೋವು ತಲೆದೋರಿದಾಗ ಮನೆಯವರಿಗೆ ಗಾಬರಿ. ಆ ವೇಳೆಗೆ ಸೋಂಕು ಮೂತ್ರಕೋಶವನ್ನು ದಾಟಿ ಮೂತ್ರಪಿಂಡವನ್ನು ಮುಟ್ಟಿರುತ್ತದೆ.

ಈ ಬೇನೆಗೆ ಬಹುಪಾಲು ಕಾರಣ ಒಂದೇ ಜೀವಾಣು. 1885ರಲ್ಲಿ ಶಿಶುವೈದ್ಯ ಥಿಯೋಡೋರ್ ಎಷೆರಿಷ್ ಹಸುಳೆಗಳ ಮಲದಲ್ಲಿ ಕಂಡು ವರ್ಣಿಸಿದ, ಈಗ ಆತನ ಹೆಸರನ್ನೇ ಹೊತ್ತಿರುವ ಎಷೆರಿಷಿಯಾ ಕೋಲೈ. ಕರುಳಿನಲ್ಲಿ ಇದು ಸಾಮಾನ್ಯವಾಗಿ ನಿರುಪದ್ರವಿಯಾದ ಒಕ್ಕಲು; ಮೂತ್ರಮಾರ್ಗವನ್ನು ಹೊಕ್ಕರೆ ಮಾತ್ರ ಕಳ್ಳ. ಗಂಡಸರಲ್ಲಿ ಆ ಮಾರ್ಗ ಸುಮಾರು 8 ಅಂಗುಲ. ಹೆಂಗಸರಲ್ಲಿ ಒಂದೂವರೆ ಅಂಗುಲ, ಅದೂ ಗುದದ್ವಾರದ ಸಮೀಪ. ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಜೀವಮಾನದಲ್ಲಿ ಒಮ್ಮೆಯಾದರೂ ಈ ಬೇನೆಗೆ ಈಡಾಗುತ್ತಾರೆ. ದಾಂಪತ್ಯದ ಸಂಪರ್ಕದಲ್ಲಿ ಜೀವಾಣು ಒಳಸೇರುವುದು ಸುಲಭವಾದ್ದರಿಂದ ನವವಧುಗಳಿಗೂ ಇದು ಅಪರೂಪವಲ್ಲ. ಇದರಲ್ಲಿ ಯಾರ ನಡತೆಯ ದೋಷವೂ ಇಲ್ಲ. ಇರುವುದು ಶರೀರರಚನೆಯ ಅನನುಕೂಲ.

ಹಾಗೆಂದು ಅತ್ತೆಯ ಮಾತನ್ನು ತಳ್ಳಿಹಾಕುವಂತಿಲ್ಲ. ಎಳನೀರಾಗಲಿ, ಬಾರ್ಲಿ ನೀರಾಗಲಿ, ಬರಿಯ ನೀರೇ ಆಗಲಿ, ಮೂತ್ರಕೋಶವನ್ನು ತೊಳೆಯುತ್ತದೆ. ನೀರು ಕಡಮೆ ಕುಡಿಯುತ್ತಿದ್ದು ಪದೇಪದೇ ಈ ಬೇನೆಗೆ ತುತ್ತಾಗುತ್ತಿದ್ದ 140 ಸ್ತ್ರೀಯರನ್ನು ಕುರಿತ ಪರೀಕ್ಷೆಯೊಂದು 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ದಿನವೂ ಒಂದೂವರೆ ಲೀಟರು ಹೆಚ್ಚಾಗಿ ಕುಡಿದವರಿಗೆ ವರ್ಷದಲ್ಲಿ ಬೇನೆ ಮರುಕಳಿಸಿದ್ದು ಉಳಿದವರ ಅರ್ಧದಷ್ಟು ಸಲ ಮಾತ್ರ. ಆದರೆ ಬಸ್ ನಿಲ್ದಾಣಗಳ ಶೌಚಾಲಯಗಳನ್ನು ಬಲ್ಲ ಹೆಂಗಸು ಪ್ರಯಾಣದ ದಿನ ಬಾಯಾರಿಕೆಯನ್ನು ನುಂಗಿಕೊಳ್ಳುವುದು ಅಜ್ಞಾನದಿಂದಲ್ಲ! ಅಲ್ಲದೆ ನೀರು ತಡೆಯಬಲ್ಲುದು. ಬೇರೂರಿದ ಸೋಂಕನ್ನು ನೀಗುವ ಭರವಸೆ ಅದಕ್ಕಿಲ್ಲ.

ಅದಕ್ಕೆ ಔಷಧವೇ ಬೇಕು. ಇಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ಕಳೆದ ಸಲ ಉಳಿದ ಗುಳಿಗೆಯನ್ನು ನುಂಗುವುದು, ಉರಿ ಶಮನವಾದೊಡನೆ ತಾವಾಗಿಯೇ ನಿಲ್ಲಿಸುವುದು, ನೆರೆಮನೆಯಾಕೆಯ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಳ್ಳುವುದು ಮನೆಮನೆಯ ಮಾತು. ಹಿಂದೆ ಚೆನ್ನಾಗಿ ಫಲಿಸಿದ ಎಷ್ಟೋ ಆಂಟಿಬಯಾಟಿಕ್ಕುಗಳಿಗೆ ಈ ಜೀವಾಣು ಈಗ ಜಗ್ಗುತ್ತಿಲ್ಲ. ಬೇನೆ ಮತ್ತೆ ಮತ್ತೆ ಬರುತ್ತಿದ್ದರೆ, ಮೊದಲ ಗುಳಿಗೆಗೆ ಮುನ್ನವೇ ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕೊಡಬೇಕು. ಆರಂಭದ ಧಾರೆಯನ್ನು ಬಿಟ್ಟು ನಡುವಿನದನ್ನು ಶುದ್ಧ ಸೀಸೆಯಲ್ಲಿ ಹಿಡಿಯಬೇಕು. ಯಾವ ಔಷಧಕ್ಕೆ ಜೀವಾಣು ಮಣಿಯುವುದೆಂಬುದು ಎರಡು ಮೂರು ದಿನಗಳಲ್ಲಿ ತಿಳಿಯುತ್ತದೆ.

ಜ್ವರ ಬಂದರೆ, ರೋಗಿ ಮಗುವಾಗಿದ್ದರೆ, ಸಕ್ಕರೆ ಕಾಯಿಲೆಯವರಾಗಿದ್ದರೆ ಒಂದು ದಿನವೂ ಕಾಯಬಾರದು. ಬಸುರಿಯರಲ್ಲಂತೂ ಉರಿಯೇ ಇಲ್ಲದೆ ಸೋಂಕು ಅಡಗಿದ್ದು ಮೂತ್ರಪಿಂಡಕ್ಕೆ ಏರಬಲ್ಲುದು. ಆರಂಭದ ತಿಂಗಳುಗಳಲ್ಲಿಯೇ ವೈದ್ಯರು ಅವರ ಮೂತ್ರಪರೀಕ್ಷೆ ಮಾಡಿಸುವುದು ಅದಕ್ಕಾಗಿಯೇ.