ನಿಮಗಿದು ಗೊತ್ತೆ? ಬಹುಮಾನ ನಿರ್ಧರಿಸುವ ಹಲ್ಲು

ನೆಲಮಂಗಲ ತಾಲ್ಲೂಕಿನ ಶಿವಗಂಗೆ ಎಂದರೆ ಅಭಿಷೇಕದ ತುಪ್ಪ ಬೆಣ್ಣೆಯಾಗುತ್ತದೆಂಬ ನಂಬಿಕೆಯೇ ಮೊದಲು ನೆನಪಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಗಂಗಾಧರೇಶ್ವರನ ಗಿರಿಜಾ ಕಲ್ಯಾಣ ನಡೆಯುವಾಗ ಬೆಟ್ಟದ ಬುಡದಲ್ಲಿ ದನಗಳ ಜಾತ್ರೆಯೂ ಕಟ್ಟುತ್ತದೆ. ಸುಗ್ಗಿ ಮುಗಿಸಿದ ರೈತರು ಮೈ ತಿಕ್ಕಿ, ಕೊಂಬು ಸಿಂಗರಿಸಿದ ಹಳ್ಳಿಕಾರ್ ತಳಿಯ ಎತ್ತಿನ ಜೋಡಿಗಳನ್ನು ಹೆಮ್ಮೆಯಿಂದ ಹೊಡೆದುಕೊಂಡು ಬರುತ್ತಾರೆ.

ನಮ್ಮ ಸೀಮೆಯ ಜಾತ್ರೆಗಳಲ್ಲಿ ಉತ್ತಮ ರಾಸುಗಳಿಗೆ ಬಹುಮಾನ ಕೊಡುವಾಗ ಸ್ಪರ್ಧೆಯ ವಿಭಾಗಗಳು ಹಲ್ಲಿನ ಲೆಕ್ಕದಲ್ಲಿರುತ್ತವೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದವು. ದನಗಳಿಗೆ ಮೇಲ್ದವಡೆಯಲ್ಲಿ ಮುಂಹಲ್ಲೇ ಇಲ್ಲ, ಕೆಳಗಿರುವುದು ಎಂಟು. ಹಾಲುಹಲ್ಲು ಬಿದ್ದು ಸುಮಾರು ಎರಡು ವರ್ಷಕ್ಕೆ ಮೊದಲ ಜೋಡಿ ಕಾಯಂ ಹಲ್ಲು ಬರುತ್ತದೆ. ಐದು ವರ್ಷ ತುಂಬುವ ಹೊತ್ತಿಗೆ ಎಂಟೂ ಬಂದು ಬಾಯಿ ಕೂಡುತ್ತದೆ. ಹುಟ್ಟಿದ ದಿನಾಂಕ ಬರೆದಿಡದ ಹಟ್ಟಿಯಲ್ಲೂ ವಯಸ್ಸು ತಿಳಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಆಮೇಲೆ ನೋಡುವುದು ಜೋಡಿಯ ಹೊಂದಾಣಿಕೆ. ಬಣ್ಣ, ಎತ್ತರ, ನಡಿಗೆ, ಹಿಂದಕ್ಕೆ ಬಾಗಿದ ನೀಳ ಕೊಂಬು, ಎಲ್ಲವೂ ಸರಿಸಮ ಇರಬೇಕು. ಇಂಥ ಜೋಡಿ ಕಟ್ಟುವುದು ವರ್ಷಗಳ ಆರೈಕೆಯ ಫಲ, ಬಹುಮಾನಕ್ಕೆ ನಿಜವಾಗಿ ಅರ್ಹವಾದ ವಿದ್ಯೆ.

ಹೆಸರಾಂತ ಅಮೃತಮಹಲ್ ತಳಿಯ ಮೂಲದಲ್ಲೂ ಹಳ್ಳಿಕಾರ್ ರಕ್ತವಿದೆ. 2000ರಲ್ಲಿ ಭಾರತೀಯ ಅಂಚೆ ಇಲಾಖೆ ದೇಶಿ ತಳಿಗಳ ಅಂಚೆಚೀಟಿ ತಂದಾಗ ಹಳ್ಳಿಕಾರ್‌ಗೂ ಒಂದು ಚೀಟಿ ಮೀಸಲಾಯಿತು.

ಜಾತ್ರೆಗೆ ರಾಸು ಕರೆತರುವವರು ಕಾಲುಬಾಯಿ ರೋಗದ ಲಸಿಕೆಯನ್ನು ಮುಂಚಿತವಾಗಿಯೇ ಹಾಕಿಸಿ.